ವ್ಯಾಪಾರಕ್ಕೊಂದು ಆ್ಯಪ್: ಮಾಡಿಸುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಬಟ್ಟೆ ಅಂಗಡಿ, ಹೋಟೆಲ್, ಕೋಚಿಂಗ್ ಕೇಂದ್ರ, ಔಷಧ ವಿತರಣೆ, ಕಾಫಿ ಪುಡಿ ಮಾರಾಟ ಹೀಗೆ ಸಣ್ಣ ಮತ್ತು ಮಧ್ಯಮ ವ್ಯವಹಾರ ನಡೆಸುವವರು ಆ್ಯಪ್ ವಿಚಾರದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಆ್ಯಪ್ ಮಾಡಿಕೊಡುವ ಕಂಪನಿಯವರನ್ನು ಕೇಳಿದರೆ ಮೊದಲ ಎರಡು ಪ್ರಶ್ನೆಗಳಿಗೆ ಬೇರೆಯೇ ಉತ್ತರ ಸಿಕ್ಕೀತು. ಅದು ಅವರ ವ್ಯಾಪಾರ, ತಪ್ಪೇನಿಲ್ಲ. ಆದರೆ ದುಡ್ಡು ನಿಮ್ಮದು.

ಆ್ಯಪ್ ಬಳಕೆ ನಿಜಕ್ಕೂ ಬೆಳೆಯುತ್ತಿದೆಯೇ, ಅಥವಾ ಇದೆಲ್ಲ ಪ್ರಚಾರವೇ?

ಬೆಳೆಯುತ್ತಿದೆ, ಆದರೆ ಬೆಳೆಯುವ ರೀತಿ ಬದಲಾಗಿದೆ. 2008ರ ಜುಲೈನಲ್ಲಿ ಆಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಅದರಲ್ಲಿದ್ದದ್ದು 500 ಆ್ಯಪ್‌ಗಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ಬಂತು. 2012ರಲ್ಲಿ ಅದು ಗೂಗಲ್ ಪ್ಲೇ ಆಯಿತು. ಭಾರತದ ಮಟ್ಟಿಗೆ ದೊಡ್ಡ ತಿರುವು 2016. ಏಪ್ರಿಲ್‌ನಲ್ಲಿ ಯುಪಿಐ ಶುರುವಾಯಿತು, ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ದರ ನೆಲಕ್ಕಿಳಿಯಿತು, ನವೆಂಬರ್‌ನಲ್ಲಿ ನೋಟು ರದ್ದಾಯಿತು. ಅಲ್ಲಿಯವರೆಗೆ ಫೋನಿನಲ್ಲಿ ಹಣ ಕಳಿಸಲು ಹೆದರುತ್ತಿದ್ದವರು ಬೇರೆ ದಾರಿಯಿಲ್ಲದೆ ಕಲಿತರು, ಕಲಿತ ಮೇಲೆ ಬಿಡಲಿಲ್ಲ. 2023ರ ಆಗಸ್ಟ್‌ನಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿ ತಿಂಗಳಿಗೆ 1,000 ಕೋಟಿ ದಾಟಿತು. ಸರಿಯಾಗಿ ಎರಡು ವರ್ಷಕ್ಕೆ, 2025ರ ಆಗಸ್ಟ್‌ನಲ್ಲಿ, ಅದು 2,000 ಕೋಟಿ ದಾಟಿತು.

ಇದು ಒಂದು ಮುಖ. ಇನ್ನೊಂದು ಮುಖವನ್ನು ಆ್ಯಪ್ ಮಾರುವವರು ತೋರಿಸುವುದಿಲ್ಲ. ಸೆನ್ಸರ್ ಟವರ್ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಜನ ಆ್ಯಪ್‌ಗಳೊಳಗೆ ಮಾಡಿದ ಖರ್ಚು ಸುಮಾರು 15,000 ಕೋಟಿ ಡಾಲರ್ ಮುಟ್ಟಿತು. ಆದರೆ ಡೌನ್‌ಲೋಡ್‌ಗಳ ಸಂಖ್ಯೆ ಏರಲಿಲ್ಲ. ಪ್ಲೇ ಸ್ಟೋರಿನಲ್ಲಿ 2024ರ ಆರಂಭಕ್ಕೆ ಸುಮಾರು 34 ಲಕ್ಷ ಆ್ಯಪ್‌ಗಳಿದ್ದವು. 2025ರ ಏಪ್ರಿಲ್ ಹೊತ್ತಿಗೆ ಅವು 18 ಲಕ್ಷದ ಆಸುಪಾಸಿಗೆ ಇಳಿದಿದ್ದವು ಎಂದು ಆ್ಯಪ್‌ಗಳ ಅಂಕಿಅಂಶ ಕಲೆಹಾಕುವ ಆ್ಯಪ್‌ಫಿಗರ್ಸ್ ಸಂಸ್ಥೆ ಲೆಕ್ಕ ಹಾಕಿದೆ. ಹೆಸರಿಗಷ್ಟೇ ಇರುವ, ಏನೂ ಕೆಲಸ ಮಾಡದ ಆ್ಯಪ್‌ಗಳ ವಿರುದ್ಧ ಗೂಗಲ್ ನಿಯಮ ಬಿಗಿ ಮಾಡಿದ್ದು ಇದಕ್ಕೆ ಒಂದು ಕಾರಣ. ಒಟ್ಟಿನಲ್ಲಿ ಜನ ಫೋನಿನಲ್ಲಿ ಕಳೆಯುವ ಹೊತ್ತು ಹೆಚ್ಚಿದೆ, ಹೊಸ ಆ್ಯಪ್ ಹುಡುಕುವ ಉತ್ಸಾಹ ಇಳಿದಿದೆ. ಹೆಚ್ಚಿದ ಹೊತ್ತೆಲ್ಲ ಈಗಾಗಲೇ ಫೋನಿನಲ್ಲಿರುವ ಬೆರಳೆಣಿಕೆಯ ಆ್ಯಪ್‌ಗಳಿಗೆ ಹೋಗುತ್ತಿದೆ.

ಹಾಗಾದರೆ ನಾನು ಆ್ಯಪ್ ಮಾಡಿಸಬೇಕೋ ಬೇಡವೋ?

ಒಬ್ಬ ಗ್ರಾಹಕ ತಿಂಗಳಿಗೆ ಎಷ್ಟು ಸಲ ನಿಮ್ಮ ಬಳಿ ಬರುತ್ತಾನೆ ಎಂದು ಮೊದಲು ಎಣಿಸಿ. ಹಾಲು, ತರಕಾರಿ, ಔಷಧ, ಮಕ್ಕಳ ಟ್ಯೂಷನ್, ಜಿಮ್, ಪಿಜಿ ಬಾಡಿಗೆ ಇವೆಲ್ಲ ಮತ್ತೆ ಮತ್ತೆ ಬರುವ ವ್ಯವಹಾರಗಳು; ಇಂಥವರ ಆ್ಯಪ್ ಫೋನಿನಲ್ಲಿ ಉಳಿಯುವ ಸಾಧ್ಯತೆ ಇದೆ. ಮದುವೆ ಸೀರೆ, ಸೋಲಾರ್ ಹೀಟರ್, ಕಲ್ಯಾಣ ಮಂಟಪ ಇವು ವರ್ಷಕ್ಕೊಮ್ಮೆಯೂ ಬಾರದ ವ್ಯವಹಾರಗಳು. ದಾವಣಗೆರೆಯ ಸೀರೆ ಅಂಗಡಿಗೆ ಅಪರೂಪಕ್ಕೆ ಬರುವ ಮನೆಯವರು ಅದಕ್ಕಾಗಿ ಆ್ಯಪ್ ಹಾಕಿಕೊಂಡರೂ ಫೋನಿನ ಜಾಗ ತುಂಬಿದ ದಿನ ಮೊದಲು ಅಳಿಸುವುದು ಅದನ್ನೇ. ಅಂಥವರಿಗೆ ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ವಿಳಾಸ ಮತ್ತು ಸಮಯ, ಒಳ್ಳೆಯ ಫೋಟೊಗಳು, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಒಂದು ಕ್ಯಾಟಲಾಗ್, ಫೋನಿನಲ್ಲಿ ಬೇಗ ತೆರೆದುಕೊಳ್ಳುವ ವೆಬ್‌ಸೈಟ್ ಸಾಕು.

ಎದುರು ಅಂಗಡಿಯವರು ಮಾಡಿಸಿದ್ದಾರೆ ಎಂಬುದು ಕಾರಣವೇ ಅಲ್ಲ. ಅವರ ಆ್ಯಪ್‌ನ ಪ್ಲೇ ಸ್ಟೋರ್ ಪುಟ ತೆರೆದು, ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ ಎಂದು ನೋಡಿ. ಬಹಳಷ್ಟು ಸಲ ಉತ್ತರ ಅಲ್ಲಿಯೇ ಸಿಗುತ್ತದೆ.

ಆ್ಯಪ್ ಇದ್ದ ಮೇಲೆ ವೆಬ್‌ಸೈಟ್ ಯಾಕೆ?

ಈ ಪ್ರಶ್ನೆಯನ್ನು ಬೆಂಗಳೂರು ಬಹಳ ದುಬಾರಿ ಬೆಲೆ ತೆತ್ತು ಪರೀಕ್ಷಿಸಿದೆ. 2015ರ ಮೇ ತಿಂಗಳಲ್ಲಿ ಮಿಂತ್ರ ತನ್ನ ವೆಬ್‌ಸೈಟನ್ನೇ ಮುಚ್ಚಿ, ಬಟ್ಟೆ ಕೊಳ್ಳಬೇಕೆಂದರೆ ಆ್ಯಪ್ ಹಾಕಿಕೊಳ್ಳಿ ಎಂದಿತು. ಅವರ ಬಳಿ ಅದಕ್ಕೆ ಅಂಕಿಗಳೂ ಇದ್ದವು: ತಾಣಕ್ಕೆ ಬರುವವರಲ್ಲಿ ಬಹುಪಾಲು ಜನ ಮೊಬೈಲಿನಿಂದಲೇ ಬರುತ್ತಿದ್ದರು. ಮಿಂತ್ರದ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಕೂಡ ಅದೇ ವರ್ಷ ಮೊಬೈಲ್ ಬ್ರೌಸರಿನಲ್ಲಿ ಬಂದವರನ್ನು ಆ್ಯಪ್‌ಗೆ ಅಟ್ಟುತ್ತಿತ್ತು. ಮಿಂತ್ರದ ಪ್ರಯೋಗ ಹೆಚ್ಚು ದಿನ ಬಾಳಲಿಲ್ಲ. 2016ರ ಜೂನ್ 1ರಂದು ಮಿಂತ್ರದ ಡೆಸ್ಕ್‌ಟಾಪ್ ತಾಣ ಮರಳಿ ತೆರೆಯಿತು.

ಬಂದವರು ಮೊಬೈಲಿನಿಂದ ಬರುತ್ತಾರೆ ಎಂದರೆ ಅವರೆಲ್ಲ ಆ್ಯಪ್ ಹಾಕಿಕೊಳ್ಳಲು ಸಿದ್ಧರಿದ್ದಾರೆ ಎಂದಲ್ಲ. ದೊಡ್ಡ ಪರದೆಯಲ್ಲಿ ನಿಧಾನವಾಗಿ ನೋಡಿ, ನಾಲ್ಕು ಕಡೆ ಹೋಲಿಸಿ ಕೊಳ್ಳುವವರು ಇದ್ದೇ ಇರುತ್ತಾರೆ. ಗೂಗಲ್‌ನಲ್ಲಿ ಹುಡುಕಿಕೊಂಡು ಬಂದ ಹೊಸಬರಿಗೆ ಬಾಗಿಲಲ್ಲೇ ‘ಮೊದಲು ಡೌನ್‌ಲೋಡ್ ಮಾಡಿ’ ಎಂದರೆ ಅವರು ಪಕ್ಕದ ತಾಣಕ್ಕೆ ಹೋಗುತ್ತಾರೆ. ಮಿಂತ್ರದಂಥ ಹೆಸರಿದ್ದವರಿಗೇ ದಕ್ಕದ ಪ್ರಯೋಗ ಹಾಸನದ ಪೀಠೋಪಕರಣ ಅಂಗಡಿಗೆ ದಕ್ಕುತ್ತದೆ ಎಂದು ನಂಬುವುದು ಕಷ್ಟ.

ಕಥೆಯ ಉಪಯುಕ್ತ ಭಾಗ ಫ್ಲಿಪ್‌ಕಾರ್ಟಿನದು. 2015ರ ನವೆಂಬರ್‌ನಲ್ಲಿ ಅದು ‘ಫ್ಲಿಪ್‌ಕಾರ್ಟ್ ಲೈಟ್’ ತಂದಿತು. ಅದು ಬ್ರೌಸರಿನಲ್ಲೇ ತೆರೆಯುವ, ಬೇಕೆಂದರೆ ಫೋನಿನ ಮುಖಪುಟಕ್ಕೆ ಐಕಾನ್ ಆಗಿ ಸೇರಿಸಿಕೊಳ್ಳಬಹುದಾದ ವೆಬ್ ಆ್ಯಪ್. ತಂತ್ರಜ್ಞರು ಇದನ್ನು ಪ್ರೋಗ್ರೆಸಿವ್ ವೆಬ್ ಆ್ಯಪ್ ಎನ್ನುತ್ತಾರೆ. ಇದರಲ್ಲಿ ಡೇಟಾ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು. ಐಕಾನ್ ಮೂಲಕ ಬಂದವರಲ್ಲಿ ಕೊಳ್ಳುವವರ ಪ್ರಮಾಣ ಶೇ 70ರಷ್ಟು ಹೆಚ್ಚಿತ್ತು. ಸ್ಟೋರಿಗೆ ಶುಲ್ಕವಿಲ್ಲ, ಅನುಮೋದನೆಗೆ ಕಾಯಬೇಕಿಲ್ಲ, ಬದಲಾವಣೆ ಮಾಡಿದರೆ ಆ ಕ್ಷಣವೇ ಎಲ್ಲರಿಗೂ ತಲುಪುತ್ತದೆ. ಹತ್ತು ವರ್ಷ ಹಳೆಯ ಈ ವಿಧಾನ ನಮ್ಮ ಸಣ್ಣ ವ್ಯಾಪಾರಿಗಳಿಗೆ ಇವತ್ತಿಗೂ ಹೆಚ್ಚು ಪರಿಚಯವಿಲ್ಲ. ಆ್ಯಪ್ ಮಾರುವವರಿಗೆ ಅದರಲ್ಲಿ ಲಾಭ ಕಡಿಮೆ ಇರುವುದೂ ಒಂದು ಕಾರಣವಿರಬಹುದು.

ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ತೆಗೆದುಕೊಂಡರೆ ಸಾಲದೇ?

ಆರಂಭಕ್ಕೆ ಧಾರಾಳವಾಗಿ ಸಾಕು. ಮನೆಗೆ ಸಾಮಾನು ತಲುಪಿಸುತ್ತಿದ್ದ ಬೆಂಗಳೂರಿನ ಡನ್ಜೊ ಹುಟ್ಟಿದ್ದೇ ವಾಟ್ಸ್‌ಆ್ಯಪ್ ಸಂದೇಶಗಳ ಮೇಲೆ. ಆ್ಯಪ್ ಆಮೇಲೆ ಬಂತು. ನಮ್ಮ ಮೆಟ್ರೊಗೆ ತನ್ನದೇ ಆ್ಯಪ್ ಇದ್ದರೂ 2022ರ ನವೆಂಬರ್ 1ರಿಂದ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಟಿಕೆಟ್ ಕೊಡಲು ಶುರು ಮಾಡಿತು. ಇನ್ನೊಂದು ಆ್ಯಪ್ ಹಾಕಿಕೊಳ್ಳಿ ಎಂದು ಪ್ರಯಾಣಿಕರನ್ನು ಒಪ್ಪಿಸುವುದಕ್ಕಿಂತ ಅವರ ಕೈಯಲ್ಲಿರುವ ಆ್ಯಪ್‌ಗೆ ತಾನೇ ಹೋಗುವುದು ಸುಲಭವೆಂದು ಅದು ಕಂಡುಕೊಂಡಿತು.

ವಾಟ್ಸ್‌ಆ್ಯಪ್ ಸೋಲುವುದು ಆರ್ಡರ್‌ಗಳ ಸಂಖ್ಯೆ ಹೆಚ್ಚಿದಾಗ. ಯಾವ ಸಂದೇಶಕ್ಕೆ ಯಾರು ಉತ್ತರಿಸಿದರು, ಯಾರ ಹಣ ಬಂತು, ಸ್ಟಾಕ್ ಎಷ್ಟು ಉಳಿಯಿತು ಎಂಬುದು ಒಬ್ಬರ ನೆನಪಿನಲ್ಲಿ ನಿಲ್ಲದ ಹಂತ ಬಂದರೆ ಹಿಂದುಗಡೆ ಒಂದು ವ್ಯವಸ್ಥೆ ಬೇಕು. ಆಗಲೂ ಮೊದಲು ಬೇಕಾಗುವುದು ಆರ್ಡರ್ ಮತ್ತು ಬಿಲ್ಲಿಂಗ್ ತಂತ್ರಾಂಶ. ಗ್ರಾಹಕರ ಆ್ಯಪ್ ಅದರ ಮೇಲೆ ಕೂರುವ ಎರಡನೆಯ ಹಂತ.

ಸ್ವಿಗ್ಗಿ, ಜೊಮ್ಯಾಟೊಗಳಿಗೆ ಕಮಿಷನ್ ಕೊಟ್ಟು ಸಾಕಾಗಿದೆ. ಸ್ವಂತ ಆ್ಯಪ್ ಅದಕ್ಕೆ ಪರಿಹಾರವಲ್ಲವೇ?

ಸಿಟ್ಟು ನ್ಯಾಯವಾದದ್ದೇ. ಆದರೆ ಕಮಿಷನ್ನಿನಲ್ಲಿ ನೀವು ಕೊಳ್ಳುತ್ತಿರುವುದು ಹೊಸ ಗ್ರಾಹಕರನ್ನು. ಆ್ಯಪ್ ತಾನಾಗಿಯೇ ಅವರನ್ನು ತರುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಪರಿಚಯವಾದವರು ಮುಂದಿನ ಸಲ ನೇರವಾಗಿ ಬರುವಂತೆ ಮಾಡಲು ನಿಮ್ಮ ನಂಬರು ಮತ್ತು ವೆಬ್‌ಸೈಟ್ ಸಾಕಾಗುತ್ತದೆಯೇ ಎಂದು ಮೊದಲು ನೋಡಿ.

ಕಮಿಷನ್ ಕಡಿಮೆ ಇರುವ ಅಥವಾ ಇಲ್ಲದ ದಾರಿಗಳೂ ಈಗ ಇವೆ. ಕೇಂದ್ರ ಸರ್ಕಾರದ ಬೆಂಬಲದ ಒಎನ್‌ಡಿಸಿ ಜಾಲ ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ಮೊದಲು ತೆರೆದದ್ದು ಬೆಂಗಳೂರಿನಲ್ಲಿ, 2022ರ ಸೆಪ್ಟೆಂಬರ್ ಕೊನೆಯಲ್ಲಿ. ಇದರಲ್ಲಿ ನೀವು ಒಂದು ಮಾರಾಟಗಾರರ ಆ್ಯಪ್‌ನಲ್ಲಿ ಸೇರಿದರೆ ಜಾಲದಲ್ಲಿರುವ ಬೇರೆ ಬೇರೆ ಕೊಳ್ಳುವವರ ಆ್ಯಪ್‌ಗಳಲ್ಲಿ ಕಾಣಿಸಿಕೊಳ್ಳುತ್ತೀರಿ. ಅದೇ ವರ್ಷ ನವೆಂಬರ್‌ನಲ್ಲಿ ಬಂದ ‘ನಮ್ಮ ಯಾತ್ರಿ’ಯ ಉದಾಹರಣೆ ಇನ್ನೂ ಗಟ್ಟಿಯಾದದ್ದು. ಆಟೊ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ ಸೇರಿ ಮಾಡಿದ ಈ ಆ್ಯಪ್ ಚಾಲಕರಿಂದ ಪ್ರತಿ ಪ್ರಯಾಣಕ್ಕೆ ಶೇಕಡಾವಾರು ಕಮಿಷನ್ ಕೀಳದೆ, ದಿನಕ್ಕೆ 25 ರೂಪಾಯಿಯಂಥ ನಿಗದಿತ ಶುಲ್ಕದ ಪದ್ಧತಿ ತಂದಿತು. ಚಾಲಕರು ಒಪ್ಪಿದರು, ಪ್ರಯಾಣಿಕರು ಬಂದರು. 2025ರಲ್ಲಿ ಊಬರ್ ಕೂಡ ಆಟೊಗಳ ಮಟ್ಟಿಗೆ ಕಮಿಷನ್ ಬಿಟ್ಟು ಇದೇ ದಾರಿಗೆ ಬಂತು.

ಇಲ್ಲಿ ಗೆದ್ದದ್ದು ತಂತ್ರಜ್ಞಾನ ಎನ್ನುವುದು ಅರ್ಧ ಸತ್ಯ. ಸಾವಿರಾರು ಚಾಲಕರ ಸಂಘಟನೆ ಮೊದಲ ದಿನದಿಂದಲೇ ಜೊತೆಗಿತ್ತು. ಹತ್ತು ಹೋಟೆಲಿನವರು, ಇಪ್ಪತ್ತು ಬೇಕರಿಯವರು ಸೇರಿ ಒಂದು ಆ್ಯಪ್ ಮಾಡಿಸುವುದಾದರೆ ಯೋಚಿಸಬಹುದು. ಒಂಟಿ ದರ್ಶಿನಿಯ ಆ್ಯಪ್ ಕಷ್ಟ.

ಗ್ರಾಹಕರಿಗಲ್ಲ, ನಮ್ಮ ಸಿಬ್ಬಂದಿಗೆ ಆ್ಯಪ್ ಬೇಕು. ಅದು ಉಪಯೋಗವೇ?

ನನ್ನ ಪ್ರಕಾರ ಮಧ್ಯಮ ಗಾತ್ರದ ವ್ಯವಹಾರಗಳಲ್ಲಿ ಬೇಗ ದುಡ್ಡು ಮರಳಿಸುವುದು ಇಂಥ ಆ್ಯಪ್‌ಗಳೇ. ಔಷಧ ವಿತರಕರ ಸೇಲ್ಸ್‌ಮನ್ ಊರೂರು ಸುತ್ತಿ ಚೀಟಿಯಲ್ಲಿ ಬರೆದುಕೊಂಡು ಬಂದ ಆರ್ಡರನ್ನು ಸಂಜೆ ಗೋದಾಮಿನಲ್ಲಿ ಇನ್ನೊಬ್ಬರು ಟೈಪ್ ಮಾಡುತ್ತಾರೆ. ಎರಡು ಕಡೆ ತಪ್ಪು, ಒಂದು ದಿನ ತಡ. ಅಂಗಡಿಯ ಎದುರೇ ಆರ್ಡರ್ ಒತ್ತಿದರೆ ಸ್ಟಾಕ್ ಅಲ್ಲಿಯೇ ಕಾಣುತ್ತದೆ, ಹಳೆಯ ಬಾಕಿಯೂ ಕಾಣುತ್ತದೆ. ಬಳಸುವವರು ನಿಮ್ಮ ನೌಕರರೇ ಆದ್ದರಿಂದ ಪ್ರಚಾರದ ಖರ್ಚಿಲ್ಲ, ಚಂದದ ವಿನ್ಯಾಸಕ್ಕೆ ಲಕ್ಷ ಲಕ್ಷ ಸುರಿಯಬೇಕಿಲ್ಲ.

ಒಂದು ಷರತ್ತನ್ನು ಮಾತ್ರ ಒಪ್ಪಂದದಲ್ಲಿ ಬರೆಸಿ: ನೆಟ್‌ವರ್ಕ್ ಇಲ್ಲದಾಗಲೂ ಆ್ಯಪ್ ನಡೆಯಬೇಕು, ಸಿಗ್ನಲ್ ಸಿಕ್ಕಾಗ ಮಾಹಿತಿ ತಾನಾಗಿ ಸರ್ವರಿಗೆ ಹೋಗಬೇಕು. ಬೆಂಗಳೂರಿನ ಕಚೇರಿಯಲ್ಲಿ ಕೂತು ಪರೀಕ್ಷಿಸಿದ ಆ್ಯಪ್ ಆಗುಂಬೆ, ಸಕಲೇಶಪುರದ ಕಡೆಗೆ ಹೋದರೆ ತಿರುಗುವ ಚಕ್ರ ತೋರಿಸಿಕೊಂಡು ಕೂರುತ್ತದೆ.

ಆಂಡ್ರಾಯ್ಡ್ ಮೊದಲೋ, ಐಫೋನ್ ಮೊದಲೋ?

ಆಂಡ್ರಾಯ್ಡ್. ಭಾರತದ ಸ್ಮಾರ್ಟ್‌ಫೋನ್‌ಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಅವೇ. ನಿಮ್ಮ ಗ್ರಾಹಕರು ಬೆಂಗಳೂರಿನ ದುಬಾರಿ ಬಡಾವಣೆಗಳಲ್ಲೋ ಅಮೆರಿಕ, ಕೊಲ್ಲಿ ದೇಶಗಳಲ್ಲೋ ಇದ್ದರೆ ಮಾತು ಬೇರೆ.

ಫ್ಲಟರ್, ರಿಯಾಕ್ಟ್ ನೇಟಿವ್, ನೇಟಿವ್ ಎನ್ನುತ್ತಾರೆ. ಯಾವುದನ್ನು ಕೇಳಬೇಕು?

ಹಿಂದೆ ಆಂಡ್ರಾಯ್ಡ್‌ಗೊಂದು, ಐಫೋನ್‌ಗೊಂದು ಎಂದು ಎರಡು ತಂಡ ಬೇಕಿತ್ತು. 2015ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್ ನೇಟಿವ್, 2018ರ ಕೊನೆಗೆ ಮೊದಲ ಸ್ಥಿರ ಆವೃತ್ತಿ ಕಂಡ ಗೂಗಲ್‌ನ ಫ್ಲಟರ್ ಇವೆರಡರಿಂದ ಒಂದೇ ಕೋಡಿನಲ್ಲಿ ಎರಡಕ್ಕೂ ಆ್ಯಪ್ ಮಾಡಬಹುದಾಯಿತು. ಪಟ್ಟಿ, ಕಾರ್ಟ್, ಪಾವತಿ, ಬುಕಿಂಗ್ ಇಷ್ಟೇ ಇರುವ ವ್ಯಾಪಾರದ ಆ್ಯಪ್‌ಗೆ ಎರಡೂ ಸರಿ. ಕ್ಯಾಮೆರಾ, ಬ್ಲೂಟೂತ್ ಯಂತ್ರ, ಹಿನ್ನೆಲೆಯಲ್ಲಿ ಸದಾ ಓಡುವ ಲೊಕೇಶನ್ ಇಂಥ ಕೆಲಸ ಭಾರೀ ಇದ್ದರೆ ಆಂಡ್ರಾಯ್ಡ್‌ಗೆ ಕಾಟ್ಲಿನ್, ಐಫೋನ್‌ಗೆ ಸ್ವಿಫ್ಟ್ ಬಳಸಿ ಬೇರೆ ಬೇರೆಯಾಗಿ, ಅಂದರೆ ‘ನೇಟಿವ್’ ಆಗಿ, ಮಾಡಿಸುವುದು ಒಳ್ಳೆಯದು. ನಿಜವಾದ ಪ್ರಶ್ನೆ ಬೇರೆ ಇದೆ: ಈ ತಂಡ ನಾಳೆ ಬಿಟ್ಟುಹೋದರೆ ಅದೇ ಭಾಷೆ ಬಲ್ಲವರು ನಿಮ್ಮ ಊರಲ್ಲೋ ಹುಬ್ಬಳ್ಳಿ, ಮಂಗಳೂರು, ಮೈಸೂರಿನಲ್ಲೋ ಸಿಗುತ್ತಾರೆಯೇ?

ವೆಬ್‌ಸೈಟನ್ನೇ ಒಂದು ಚೌಕಟ್ಟಿನಲ್ಲಿಟ್ಟು ‘ಆ್ಯಪ್’ ಎಂದು ಕೊಡುವವರ ಬಗ್ಗೆ ಎಚ್ಚರ. ಆಪಲ್ ಇಂಥವನ್ನು ಸಾಮಾನ್ಯವಾಗಿ ತಿರಸ್ಕರಿಸುತ್ತದೆ.

ಖರ್ಚು ಎಷ್ಟಾಗುತ್ತದೆ?

ಕೊಟೇಶನ್‌ನಲ್ಲಿ ಇರುವುದು ಕಟ್ಟುವ ಖರ್ಚು. ಮನೆ ಕಟ್ಟಿದವರಿಗೆ ಗೊತ್ತಿರುವಂತೆ, ಗುತ್ತಿಗೆದಾರ ಹೋದ ಮೇಲೆಯೇ ಉಳಿದ ಲೆಕ್ಕ ಶುರುವಾಗುತ್ತದೆ. ಕೊಟೇಶನ್ ಮೇಲೆ ಶೇ 18 ಜಿಎಸ್‌ಟಿ ಬರುತ್ತದೆ. ಗೂಗಲ್‌ಗೆ ಒಂದು ಸಲ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್ ನೋಂದಣಿ ಶುಲ್ಕ. ಸರ್ವರ್ ಬಾಡಿಗೆ ತಿಂಗಳು ತಿಂಗಳೂ. ಲಾಗಿನ್‌ಗೆ ಹೋಗುವ ಪ್ರತಿ ಒಟಿಪಿ ಎಸ್‌ಎಂಎಸ್‌ಗೂ ದುಡ್ಡು. ಅದಕ್ಕೂ ಮುನ್ನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ನಿಮ್ಮ ಸಂಸ್ಥೆ, ಕಳುಹಿಸುವ ಹೆಸರು, ಸಂದೇಶದ ಮಾದರಿ ಎಲ್ಲವನ್ನೂ ಮೊಬೈಲ್ ಕಂಪನಿಗಳ ಬಳಿ ಇರುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಇದು ದಿನಗಳನ್ನು ತಿನ್ನುವ ಕೆಲಸ, ಉದ್ಘಾಟನೆಗೆ ಶಾಸಕರನ್ನು ಕರೆದ ಮೇಲೆ ನೆನಪಾಗುವಂಥದ್ದು. ಆನ್‌ಲೈನ್ ಪಾವತಿಯನ್ನು ನಿಮ್ಮ ಖಾತೆಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕಾರ್ಡ್ ಪಾವತಿಗೆ ಸಾಮಾನ್ಯವಾಗಿ ಶೇ 2ರ ಆಸುಪಾಸು ತೆಗೆದುಕೊಳ್ಳುತ್ತದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವಿಲ್ಲ, ಆದರೂ ಗೇಟ್‌ವೇಯವರು ತಮ್ಮ ಸೇವೆಗೆಂದು ಏನಾದರೂ ಸೇರಿಸುತ್ತಾರೆಯೇ ಎಂದು ಕೇಳಿ.

ಎಲ್ಲಕ್ಕಿಂತ ದೊಡ್ಡದು ನಿರ್ವಹಣೆ. ಆಂಡ್ರಾಯ್ಡ್ ವರ್ಷಕ್ಕೊಂದು ಹೊಸ ಆವೃತ್ತಿ ತರುತ್ತದೆ. ಪ್ಲೇ ಸ್ಟೋರ್ ಪ್ರತಿ ವರ್ಷ ತನ್ನ ಕನಿಷ್ಠ ಮಟ್ಟ ಏರಿಸುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್ ಅಥವಾ ಅಪ್‌ಡೇಟ್ ಹಾಕಬೇಕೆಂದರೆ ಅದು ಆಂಡ್ರಾಯ್ಡ್ 15ಕ್ಕೆ ಹೊಂದಿಕೊಂಡಿರಬೇಕಾಯಿತು. ಏನೂ ಬದಲಿಸದೆ ಸುಮ್ಮನೆ ಇಟ್ಟುಕೊಂಡರೂ ಖರ್ಚು ನಿಲ್ಲುವುದಿಲ್ಲ ಎಂದಾಯಿತು. ಕಟ್ಟಿದ ಖರ್ಚಿನ ಐದನೇ ಒಂದು ಭಾಗವನ್ನಾದರೂ ಪ್ರತಿ ವರ್ಷಕ್ಕೆ ಎತ್ತಿಡುವುದು ಸುರಕ್ಷಿತ.

ಗೂಗಲ್, ಆಪಲ್ ಶೇ 30 ಕಿತ್ತುಕೊಳ್ಳುತ್ತವಂತೆ?

ನೀವು ಅಕ್ಕಿ, ಬಟ್ಟೆ, ಊಟ, ಟ್ಯಾಕ್ಸಿ ಸೇವೆ ಮಾರುವುದಾದರೆ ಒಂದು ಪೈಸೆಯೂ ಇಲ್ಲ. ಸ್ಟೋರುಗಳ ಕಮಿಷನ್ ಇರುವುದು ಆ್ಯಪ್‌ನೊಳಗೇ ಬಳಸುವ ಡಿಜಿಟಲ್ ಸರಕಿಗೆ: ವಿಡಿಯೊ ಪಾಠ, ಆಡಿಯೊ ಚಂದಾ, ಆಟದ ನಾಣ್ಯ. ಅದಕ್ಕೂ 2021ರಿಂದ ವರ್ಷಕ್ಕೆ 10 ಲಕ್ಷ ಡಾಲರ್ ಒಳಗಿನ ಆದಾಯವಿರುವವರಿಗೆ ಶೇ 15. ಸಣ್ಣ ಕೋಚಿಂಗ್ ಕೇಂದ್ರಗಳು ಇದನ್ನು ಬೆಲೆ ನಿಗದಿ ಮಾಡುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜಗಳ ಇನ್ನೂ ಮುಗಿದಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಪ್ಲೇ ಸ್ಟೋರ್ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ಅದನ್ನು 216 ಕೋಟಿಗೆ ಇಳಿಸಿತು. 2024ರ ಮಾರ್ಚ್ 1ರಂದು ಶುಲ್ಕದ ತಕರಾರಿನಲ್ಲಿ ಭಾರತ್ ಮ್ಯಾಟ್ರಿಮೊನಿ, ನೌಕ್ರಿಯಂಥ ಹೆಸರಾಂತ ಆ್ಯಪ್‌ಗಳೂ ಪ್ಲೇ ಸ್ಟೋರಿನಿಂದ ಮಾಯವಾದವು, ಸರ್ಕಾರ ಮಧ್ಯೆ ಬಂದ ಮೇಲೆ ಮರಳಿದವು. ಅಷ್ಟು ದೊಡ್ಡವರನ್ನೇ ಒಂದು ದಿನದಲ್ಲಿ ಹೊರಗಿಟ್ಟರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ವೆಬ್‌ಸೈಟ್ ಯಾಕೆ ಬೇಕು ಎಂಬ ಪ್ರಶ್ನೆ ಮತ್ತೆ ಏಳುವುದಿಲ್ಲ.

ಪ್ಲೇ ಸ್ಟೋರ್ ಖಾತೆ ಮತ್ತು ಕೋಡ್ ಯಾರ ಹೆಸರಿನಲ್ಲಿರಬೇಕು?

ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಬೇಕು. ‘ನಮ್ಮ ಖಾತೆಯಲ್ಲೇ ಹಾಕಿಕೊಡುತ್ತೇವೆ, ನಿಮಗೇಕೆ ತೊಂದರೆ’ ಎಂಬ ಉಪಕಾರದ ಮಾತಿಗೆ ಒಪ್ಪಬೇಡಿ. ಸಂಸ್ಥೆಯ ಹೆಸರಿನ ಖಾತೆಗೆ ಡನ್ಸ್ ಸಂಖ್ಯೆ ಎಂಬ ವ್ಯವಹಾರ ಗುರುತಿನ ಸಂಖ್ಯೆ ಬೇಕು. ಅದನ್ನು ಮೊದಲೇ ಪಡೆದುಕೊಳ್ಳಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಪ್ರಕಟಣೆಗೆ ಮುನ್ನ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಾರ್ಥಿಗಳಾಗಿ ಸೇರಿರಬೇಕು. ಮೊದಲು 20 ಜನರ ನಿಯಮವಿತ್ತು, 2024ರ ಕೊನೆಗೆ ಸಡಿಲಾಯಿತು.

ಕೋಡಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪೂರ್ತಿ ಹಣ ಕೊಟ್ಟರೆ ಕೋಡ್ ನಮ್ಮದೇ ಎಂಬುದು ಸಹಜ ಊಹೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ನಿಮ್ಮ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಹಕ್ಕು ನಿಮ್ಮದು. ಹೊರಗಿನ ಕಂಪನಿಯೋ ಫ್ರೀಲ್ಯಾನ್ಸರೋ ಬರೆದರೆ, ಲಿಖಿತ ವರ್ಗಾವಣೆ ಇಲ್ಲದೆ ಹಕ್ಕು ನಿಮಗೆ ಬರುವುದಿಲ್ಲ. ಬರೆದುಕೊಡುವಾಗಲೂ ಅವಧಿಯನ್ನು ನಮೂದಿಸದಿದ್ದರೆ ಅದು ಐದೇ ವರ್ಷದ್ದು ಎಂದು ಕಾಯ್ದೆ ಭಾವಿಸುತ್ತದೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದ ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಜಗತ್ತಿನೆಲ್ಲೆಡೆಗೆ ಎಂಬ ಎರಡು ಮಾತು ಒಪ್ಪಂದದಲ್ಲಿ ಇರಲಿ. ಕೋಡ್ ಭಂಡಾರ, ಆ್ಯಪ್‌ಗೆ ಸಹಿ ಹಾಕುವ ಕೀ, ಸರ್ವರ್ ಪಾಸ್‌ವರ್ಡ್ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.

ಆ್ಯಪ್ ಕನ್ನಡದಲ್ಲಿ ಇರಬೇಕೇ?

ಬೆಂಗಳೂರಿನಾಚೆ ವ್ಯಾಪಾರವಿದ್ದರೆ ಇರಲೇಬೇಕು. 2020ರಲ್ಲಿ ರಾಜ್ಯದ ಕೃಷಿ ಇಲಾಖೆ ಬೆಳೆ ಸಮೀಕ್ಷೆಯನ್ನು ರೈತರೇ ತಮ್ಮ ಫೋನಿನಲ್ಲಿ ದಾಖಲಿಸುವ ಆ್ಯಪ್ ತಂದಾಗ ಹಳ್ಳಿಯವರಿಗೆ ಇದೆಲ್ಲ ಆಗುವುದಿಲ್ಲ ಎಂದವರಿದ್ದರು. ಹೊಲದಲ್ಲಿ ನಿಂತು ಫೋಟೊ ತೆಗೆದು ಹಾಕಿದ ರೈತರು ಅದಕ್ಕೆ ಉತ್ತರ ಕೊಟ್ಟರು.

ಆದರೆ ಇಂಗ್ಲಿಷ್ ಆ್ಯಪ್ ಮುಗಿದ ಮೇಲೆ ಕೊನೆಯ ವಾರದಲ್ಲಿ ಕನ್ನಡ ‘ಹಾಕಿಸಿದರೆ’ ಕೆಲಸ ಕೆಡುತ್ತದೆ. ಕನ್ನಡ ಪದಗಳು ಉದ್ದ, ಗುಂಡಿಯಿಂದ ಹೊರಚೆಲ್ಲುತ್ತವೆ. ಸಾಲುಗಳ ನಡುವೆ ಜಾಗ ಕಡಿಮೆ ಇಟ್ಟರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ; ‘ಲಕ್ಷ್ಮಿ’, ‘ಸ್ತ್ರೀ’ ಬರೆಸಿ ಪರೀಕ್ಷಿಸಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಕಡತಗಳಲ್ಲಿ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಗ್ರಾಹಕರ ಪಟ್ಟಿ ಇದ್ದರೆ ಅದನ್ನು ಮೊದಲು ಪರಿವರ್ತಿಸಿ, ಇಲ್ಲವಾದರೆ ಆ್ಯಪ್‌ನಲ್ಲಿ ಕಸ ಕಾಣಿಸುತ್ತದೆ. ಹುಡುಕಾಟದ ಪೆಟ್ಟಿಗೆ ಇನ್ನೂ ಮುಖ್ಯ. ಒಬ್ಬರು ‘ತೊಗರಿಬೇಳೆ’ ಎಂದು, ಇನ್ನೊಬ್ಬರು ‘ತೊಗರಿ ಬೇಳೆ’ ಎಂದು, ಮತ್ತೊಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಮಗದೊಬ್ಬರು ತೂರ್ ದಾಲ್ ಎಂದು ಹುಡುಕುತ್ತಾರೆ. ನಾಲ್ವರಿಗೂ ಒಂದೇ ಪೊಟ್ಟಣ ಸಿಗಬೇಕು. ಮಾತಾಡಿ ಹುಡುಕುವ ಮೈಕ್ ಗುಂಡಿ ಇದ್ದರೆ ಹಿರಿಯರು ಅದನ್ನೇ ಒತ್ತುತ್ತಾರೆ.

ಹಾಗೆಂದು ಭಾಷೆಯೊಂದೇ ಆ್ಯಪ್ ಅನ್ನು ಕಾಪಾಡುವುದಿಲ್ಲ. ಕನ್ನಡದಿಂದಲೇ ಆರಂಭಿಸಿದ ಬೆಂಗಳೂರಿನ ‘ಕೂ’ ಎಂಬ ಸಾಮಾಜಿಕ ಜಾಲತಾಣ 2024ರ ಜುಲೈನಲ್ಲಿ ಬಾಗಿಲು ಹಾಕಿತು.

ಗ್ರಾಹಕರ ಮಾಹಿತಿ ಇಟ್ಟುಕೊಳ್ಳುವುದಕ್ಕೆ ಕಾನೂನು ತೊಡಕಿದೆಯೇ?

ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ. ಯಾವ ಮಾಹಿತಿ, ಯಾತಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಗ್ರಾಹಕ ಬಯಸಿದ್ದರಲ್ಲಿ ಓದುವ ಅವಕಾಶ ಇರಬೇಕು, ಅಂದರೆ ಕನ್ನಡದಲ್ಲೂ. 18 ವರ್ಷದೊಳಗಿನವರಾದರೆ ಪೋಷಕರ ಒಪ್ಪಿಗೆ ಬೇಕು. ಶಾಲೆ, ಟ್ಯೂಷನ್ ಆ್ಯಪ್‌ನವರು ಇದನ್ನು ಎರಡು ಸಲ ಓದಿ. ಮಾಹಿತಿ ಸೋರದಂತೆ ಕಾಯಲು ವಿಫಲರಾದರೆ ದಂಡ 250 ಕೋಟಿ ರೂಪಾಯಿವರೆಗೆ. ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವುದನ್ನಂತೂ ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್ 1ರಿಂದಲೇ ನಿಲ್ಲಿಸಿದೆ. ಬೇಡದ ಮಾಹಿತಿ ಕೇಳದಿರುವುದೇ ಅಗ್ಗದ ಉಪಾಯ. ಇಡ್ಲಿ ತರಿಸಲು ಜನ್ಮ ದಿನಾಂಕ ಯಾಕೆ?

ಇದರ ಜೊತೆಗೆ 2023ರ ನವೆಂಬರ್ 30ರ ಕೇಂದ್ರದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿದೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸುವ ದೇಣಿಗೆ, ಕೊನೆಯ ಹೆಜ್ಜೆಯಲ್ಲಿ ಏಳುವ ಶುಲ್ಕ ಎಲ್ಲವೂ ಅದರಲ್ಲಿವೆ.

ಆ್ಯಪ್‌ನಲ್ಲಿ ಯುಪಿಐ ತೆಗೆದುಕೊಂಡರೆ ತೆರಿಗೆ ನೋಟಿಸ್ ಬರುತ್ತದೆಯೇ?

2025ರ ಜುಲೈನ ಹೆದರಿಕೆ ಇನ್ನೂ ಮಾಸಿಲ್ಲ. ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಯುಪಿಐ ಬಳಸುವುದು ತಪ್ಪಲ್ಲ. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಹಣ ಯಾವ ದಾರಿಯಲ್ಲಿ ಬಂದರೂ ಸರಿ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕಿನ ಮಾರಾಟವನ್ನು ಬೇರೆಯಾಗಿ ತೋರಿಸುವ ಬಿಲ್ಲಿಂಗ್ ಇರಲಿ, ಮನೆಯ ಹಣ ಮತ್ತು ಅಂಗಡಿಯ ಹಣಕ್ಕೆ ಬೇರೆ ಬೇರೆ ಖಾತೆ ಇರಲಿ.

ಬೇರೆಯವರ ವಾಹನ, ಡೆಲಿವರಿ ಹುಡುಗರನ್ನು ಜೋಡಿಸುವ ಆ್ಯಪ್ ನಮ್ಮ ಯೋಜನೆ. ಏನಾದರೂ ವಿಶೇಷ ನಿಯಮ?

ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಪ್ರತಿ ವಹಿವಾಟಿನಲ್ಲಿ ಕೊಡುವ ಹಣದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕಾರ್ಮಿಕರ ನೋಂದಣಿ, ಕಾರಣ ತಿಳಿಸದೆ ಖಾತೆ ಮುಚ್ಚದಿರುವುದು ಇವೆಲ್ಲ ಅದರಲ್ಲಿವೆ. ಹೂಡಿಕೆದಾರರಿಗೆ ತೋರಿಸುವ ಲೆಕ್ಕದಲ್ಲಿ ಇದನ್ನು ಈಗಲೇ ಸೇರಿಸಿಕೊಳ್ಳಿ.

ಎಐ ಬಳಸಿ ನಾನೇ ಆ್ಯಪ್ ಮಾಡಿಕೊಳ್ಳಬಹುದೇ?

ಮಾದರಿ ಮಾಡಿ ತೋರಿಸುವುದಕ್ಕೆ ಖಂಡಿತ. ನಿಮ್ಮ ಮನಸ್ಸಿನಲ್ಲಿರುವುದನ್ನು ಡೆವಲಪರ್‌ಗೆ ವಿವರಿಸಲು ನೂರು ಮಾತಿಗಿಂತ ಆ ಕಚ್ಚಾ ಮಾದರಿ ಮೇಲು. ಆದರೆ ಪಾವತಿ ಅರ್ಧಕ್ಕೆ ನಿಂತಾಗ ಹಣ ಎಲ್ಲಿದೆ, ಒಂದೇ ಸರಕನ್ನು ಇಬ್ಬರು ಒಟ್ಟಿಗೆ ಕೊಂಡರೆ ಏನಾಗಬೇಕು, ಇನ್ನೊಬ್ಬರ ಆರ್ಡರ್ ವಿವರ ಮತ್ತೊಬ್ಬರಿಗೆ ಕಾಣದಂತೆ ಹೇಗೆ ತಡೆಯುವುದು ಎಂಬ ಪ್ರಶ್ನೆಗಳನ್ನು ಕೇಳಲು ಗೊತ್ತಿರುವವರು ಒಬ್ಬರು ಬೇಕು. ಕೋಡ್ ಬರೆಯುವ ಸಮಯ ಇಳಿದಿರುವುದರಿಂದ ಕೊಟೇಶನ್ನಿನಲ್ಲಿ ಚೌಕಾಸಿ ಮಾಡುವ ಹಕ್ಕಂತೂ ನಿಮಗೆ ಬಂದಿದೆ.

ಡೌನ್‌ಲೋಡ್ ಆಗಿವೆ, ಆದರೆ ಯಾರೂ ಬಳಸುತ್ತಿಲ್ಲ. ಏನು ಮಾಡುವುದು?

ಡೌನ್‌ಲೋಡ್ ಸಂಖ್ಯೆಯನ್ನು ಮರೆತುಬಿಡಿ. ಹಾಕಿಕೊಂಡವರಲ್ಲಿ ಎಷ್ಟು ಜನ ಒಂದು ತಿಂಗಳ ನಂತರವೂ ತೆರೆಯುತ್ತಿದ್ದಾರೆ, ಎಷ್ಟು ಜನ ಎರಡನೇ ಆರ್ಡರ್ ಕೊಟ್ಟರು ಎಂದು ನೋಡಿ. ಬಳಿಕ ನೀವೇ ಅಗ್ಗದ ಫೋನೊಂದರಲ್ಲಿ ಹೊಸದಾಗಿ ಹಾಕಿಕೊಂಡು ಮೊದಲ ಆರ್ಡರ್‌ವರೆಗೆ ಹೋಗಿ. ತೆರೆದ ಕೂಡಲೇ ಲಾಗಿನ್ ಕೇಳುತ್ತದೆಯೇ? ಸಂಪರ್ಕ ಪಟ್ಟಿ, ಲೊಕೇಶನ್, ಫೋಟೊ ಎಲ್ಲಕ್ಕೂ ಅನುಮತಿ ಬೇಡುತ್ತದೆಯೇ? ಹೆಚ್ಚಿನವರು ಇಲ್ಲಿಯೇ ಬಿಟ್ಟುಹೋಗುತ್ತಾರೆ. ಆ್ಯಪ್ ಗಾತ್ರ ಪ್ರತಿ 6 ಎಂಬಿ ಹೆಚ್ಚಿದಂತೆ ಹಾಕಿಕೊಳ್ಳುವವರ ಪ್ರಮಾಣ ಶೇ 1ರಷ್ಟು ಕುಸಿಯುತ್ತದೆ ಎಂದು ಗೂಗಲ್ 2017ರಲ್ಲೇ ಕಂಡುಕೊಂಡಿತ್ತು. ಪದೇ ಪದೇ ಮುಚ್ಚಿಹೋಗುವ ಆ್ಯಪ್ ಅನ್ನು ಪ್ಲೇ ಸ್ಟೋರ್ ಹುಡುಕಾಟದಲ್ಲಿ ಕೆಳಕ್ಕೆ ತಳ್ಳುತ್ತದೆ. ಒಂದು ದಿನದಲ್ಲಿ ಆ್ಯಪ್ ತೆರೆದವರಲ್ಲಿ ಶೇ 1.09ಕ್ಕಿಂತ ಹೆಚ್ಚು ಜನರಿಗೆ ಕ್ರ್ಯಾಶ್ ಕಂಡರೆ ಅದು ಕೆಟ್ಟ ಆ್ಯಪ್ ಎಂಬುದು ಗೂಗಲ್ ಅಳತೆ.

ನೋಟಿಫಿಕೇಶನ್ ಸುರಿಮಳೆ ಪರಿಹಾರವಲ್ಲ. 2022ರ ಆಂಡ್ರಾಯ್ಡ್ 13ರಿಂದ ಅದಕ್ಕೂ ಅನುಮತಿ ಕೇಳಬೇಕು, ಒಮ್ಮೆ ಬೇಡವೆಂದವರನ್ನು ಮತ್ತೆ ಒಪ್ಪಿಸುವುದು ಕಷ್ಟ.

ಆ್ಯಪ್ ನಿಲ್ಲಿಸಬೇಕು ಎಂದರೆ?

ಸ್ಟೋರಿನಿಂದ ತೆಗೆದರೆ ಹೊಸಬರಿಗೆ ಸಿಗುವುದಿಲ್ಲ, ಹಾಕಿಕೊಂಡವರ ಫೋನಿನಲ್ಲಿ ಉಳಿದೇ ಇರುತ್ತದೆ. ಆದ್ದರಿಂದ ಮೊದಲು ಆ್ಯಪ್‌ನಲ್ಲೇ ದಿನಾಂಕ ತಿಳಿಸಿ, ಹೊಸ ಪಾವತಿ ನಿಲ್ಲಿಸಿ, ಗ್ರಾಹಕರ ಖಾತೆಯಲ್ಲಿ ಉಳಿದ ಹಣ ಮರಳಿಸಿ, ಪಾಯಿಂಟ್‌ಗಳನ್ನು ಅಂಗಡಿಯಲ್ಲಿ ಬಳಸಲು ಅವಕಾಶ ಕೊಡಿ. ಖಾತೆ ಅಳಿಸುವ ಗುಂಡಿ ಕೆಲಸ ಮಾಡುತ್ತಿರಲಿ. ಖಾತೆ ತೆರೆಯುವ ಸೌಲಭ್ಯವಿರುವ ಆ್ಯಪ್‌ಗೆ ಅದು ಎರಡೂ ಸ್ಟೋರುಗಳ ಕಡ್ಡಾಯ ನಿಯಮ. ತೆರಿಗೆಗೆ ಬೇಕಾದ ಬಿಲ್ಲುಗಳ ಪ್ರತಿ ಇಳಿಸಿಕೊಂಡ ಮೇಲೆ ಸರ್ವರ್ ಬಾಡಿಗೆ ನಿಲ್ಲಿಸಿ. ವೆಬ್ ವಿಳಾಸವನ್ನು ಮಾತ್ರ ನವೀಕರಿಸುತ್ತಲೇ ಇರಿ, ಕೈಬಿಟ್ಟರೆ ಅದನ್ನು ಬೇರೆಯವರು ಕೊಂಡು ನಿಮ್ಮ ಹೆಸರಿನಲ್ಲಿ ಗ್ರಾಹಕರನ್ನು ವಂಚಿಸಬಹುದು.